ಎರಡು ನಕ್ಷತ್ರಗಳ ಸಾಕ್ಷಿ

ಟೆಲಿಸ್ಕೋಪು ನೋಡಿದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: 'ಇದರಲ್ಲಿ ಎಷ್ಟು ದೂರ ಕಾಣುತ್ತೆ?' ಉತ್ತರ ಕಷ್ಟವಲ್ಲ. ಬೆಳಕಿಲ್ಲದ ಹಳ್ಳಿಯಲ್ಲಿ ನಿಂತರೆ ಬರಿಗಣ್ಣಿಗೇ ಆಂಡ್ರೊಮಿಡಾ ಗೆಲಾಕ್ಸಿ ಒಂದು ಮಸುಕು ಚುಕ್ಕೆಯಾಗಿ ಕಾಣುತ್ತದೆ. ಅದು ಸುಮಾರು ಇಪ್ಪತ್ತೈದು ಲಕ್ಷ ಜ್ಯೋತಿರ್ವರ್ಷ ದೂರ. ಆದರೆ ರಾತ್ರಿ ಬಯಲಿನಲ್ಲಿ ಟೆಲಿಸ್ಕೋಪಿನ ಪಕ್ಕ ನಿಂತವರನ್ನು ಕಾಡುವುದು ಈ ದೂರದ ಪ್ರಶ್ನೆಯಲ್ಲ. ಎಲ್ಲಿಗೆ ತಿರುಗಿಸಬೇಕು ಎನ್ನುವುದೇ ಅವರ ಪ್ರಶ್ನೆ.

ಲೆಕ್ಕ ಹಾಕಿ ನೋಡಿ. ನಮ್ಮದು ಎಂಟು ಇಂಚಿನ ಕನ್ನಡಿಯ ಟೆಲಿಸ್ಕೋಪು. ಕನ್ನಡಿಯ ನಾಭಿದೂರ 1200 ಮಿಲಿಮೀಟರು. ಇಪ್ಪತ್ತೈದು ಮಿಲಿಮೀಟರಿನ ಐಪೀಸು ಹಾಕಿದರೆ ನಲವತ್ತೆಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ. ಆದರೆ ಕಾಣುವುದು ಒಂದು ಡಿಗ್ರಿ ಅಗಲದ ಆಕಾಶ ಮಾತ್ರ, ಅಂದರೆ ಎರಡು ಹುಣ್ಣಿಮೆ ಚಂದ್ರರನ್ನು ಅಕ್ಕಪಕ್ಕ ಇಟ್ಟಷ್ಟು. ತಲೆಯ ಮೇಲಿರುವ ಅರ್ಧಗೋಲದ ಆಕಾಶದಲ್ಲಿ ಇಂತಹ ತುಂಡುಗಳು ಇಪ್ಪತ್ತಾರು ಸಾವಿರ ಆಗುತ್ತವೆ. ನೋಡಬೇಕಾದದ್ದು ಅವುಗಳಲ್ಲಿ ಒಂದರಲ್ಲಿದೆ. ಅದೂ ಬರಿಗಣ್ಣಿಗೆ ಕಾಣದ ವಸ್ತು. ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ.

ನಾವೆಂದರೆ ಚಿತ್ರದುರ್ಗದ ಐದಾರು ಮಂದಿ. ನಿವೃತ್ತ ಹೈಸ್ಕೂಲು ವಿಜ್ಞಾನ ಮೇಷ್ಟ್ರು ಒಬ್ಬರು, ಬ್ಯಾಂಕಿನ ಗುಮಾಸ್ತರು ಇಬ್ಬರು, ಡಿಪ್ಲೊಮಾ ಓದುವ ಹುಡುಗನೊಬ್ಬ, ಲೇತ್ ವರ್ಕ್‌ಶಾಪು ನಡೆಸುವ, ಊರೆಲ್ಲ ಚಾಚಾ ಎಂದೇ ಕರೆಯುವ ಹಿರಿಯರು. ಎಲ್ಲರೂ ದುಡ್ಡು ಕೂಡಿಸಿ ಕೊಂಡದ್ದು ಸೆಕೆಂಡ್ ಹ್ಯಾಂಡ್ ಟೆಲಿಸ್ಕೋಪು. ಚಂದ್ರನಿಲ್ಲದ ಶನಿವಾರಗಳಲ್ಲಿ ಅದನ್ನು ಚಳ್ಳಕೆರೆ ಕಡೆಯ ಹಳ್ಳಿಶಾಲೆಗಳಿಗೆ ಒಯ್ಯುತ್ತೇವೆ. ಊರಿನಲ್ಲಿ ನೋಡುವ ಮಾತೇ ಇಲ್ಲ. ಎಲ್‌ಇಡಿ ದೀಪಗಳು ಬಂದ ಮೇಲೆ ಕೋಟೆಯ ಮೇಲಿನ ಆಕಾಶದಲ್ಲಿ ಎಣಿಸಿದರೆ ಇಪ್ಪತ್ತು ನಕ್ಷತ್ರ ಸಿಕ್ಕರೆ ಹೆಚ್ಚು.

ನಮ್ಮ ಟೆಲಿಸ್ಕೋಪು ಕೂರುವ ಮರದ ಪೀಠಕ್ಕೆ ಡಾಬ್ಸೋನಿಯನ್ ಎಂದು ಹೆಸರು. ಜಾನ್ ಡಾಬ್ಸನ್ ಎಂಬಾತ 1944ರಿಂದ 1967ರವರೆಗೆ ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಸೊಸೈಟಿಯಲ್ಲಿ ರಾಮಕೃಷ್ಣ ಪಂಥದ ಸಂನ್ಯಾಸಿಯಾಗಿದ್ದವರು. ಮಠದಲ್ಲಿದ್ದುಕೊಂಡೇ ಗುಜರಿಯ ಗಾಜು, ರಟ್ಟಿನ ಕೊಳವೆ, ಪ್ಲೈವುಡ್ ಹೊಂದಿಸಿ ಟೆಲಿಸ್ಕೋಪು ಮಾಡುತ್ತಿದ್ದರು. ಕೊನೆಗೆ ಮಠ ಬಿಡಬೇಕಾಗಿ ಬಂದಾಗ ಬೀದಿಗೆ ಬಂದು, ದಾರಿಹೋಕರನ್ನು ಕರೆಕರೆದು ಚಂದ್ರನನ್ನೂ ಶನಿಯನ್ನೂ ತೋರಿಸಿದರು. ಅವರು ರೂಢಿಗೆ ತಂದ ಈ ಪೀಠದಲ್ಲಿ ಎರಡೇ ಚಲನೆ: ಮೇಲೆ ಕೆಳಗೆ ಒಂದು, ಸುತ್ತ ತಿರುಗುವುದು ಇನ್ನೊಂದು. ಯುದ್ಧದ ಫಿರಂಗಿಗೂ ಇದಕ್ಕೂ ಅಂತಹ ವ್ಯತ್ಯಾಸವಿಲ್ಲ.

ಇದಕ್ಕಿಂತ ದುಬಾರಿಯಾದ ಇನ್ನೊಂದು ಬಗೆಯ ಮೌಂಟು ಇದೆ. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ವಾಲಿಸಿ ನಿಲ್ಲಿಸಬೇಕು. ಯೂರೋಪು ಅಮೆರಿಕಗಳಲ್ಲಿ ಅದು ಸುಲಭ, ಅಲ್ಲಿ ಧ್ರುವ ನಕ್ಷತ್ರ ಆಕಾಶದ ನಡುಮಟ್ಟದಲ್ಲಿರುತ್ತದೆ. ನಮ್ಮಲ್ಲಿ ಅದು ದಿಗಂತದಿಂದ ಹದಿನಾಲ್ಕು ಡಿಗ್ರಿ ಮೇಲಷ್ಟೆ. ಒಂದು ಹುಣಸೆಮರ ಅಡ್ಡ ಬಂದರೆ ಮುಗಿಯಿತು. ಹಾಗಾಗಿ ಬಡವರ ಪೀಠವೇ ನಮ್ಮ ನೆಲಕ್ಕೆ ವಾಸಿ.

ಇಂತಹ ಪೀಠಕ್ಕೆ ದಾರಿ ತೋರಿಸಲು ಇರುವ ಸಾಧನವೇ ಡಿಜಿಟಲ್ ಸೆಟ್ಟಿಂಗ್ ಸರ್ಕಲ್. ಹಳೆಯ ಕಾಲದ ಮೌಂಟುಗಳಲ್ಲಿ ಹಿತ್ತಾಳೆ ಚಕ್ರದ ಮೇಲೆ ಡಿಗ್ರಿಗಳ ಗೆರೆ ಕೊರೆದಿರುತ್ತಿದ್ದರು. ಆ ಚಕ್ರಗಳ ಕೆಲಸವನ್ನು ಇಲ್ಲಿ ಎನ್‌ಕೋಡರ್ ಎಂಬ ಎರಡು ಪುಟ್ಟ ಬಿಲ್ಲೆಗಳು ಮಾಡುತ್ತವೆ, ಚಲನೆಯ ಅಕ್ಷಕ್ಕೊಂದರಂತೆ. ಟೆಲಿಸ್ಕೋಪು ಒಂದು ಸುತ್ತು ತಿರುಗಿದರೆ ನಮ್ಮ ಬಿಲ್ಲೆ 8192 ಎಣಿಸುತ್ತದೆ. ಅಂದರೆ ಒಂದು ಎಣಿಕೆಗೆ ಎರಡೂವರೆ ಕಲೆಗಿಂತ ತುಸು ಹೆಚ್ಚು, ಚಂದ್ರನ ಅಗಲದಲ್ಲಿ ಹನ್ನೆರಡನೆಯ ಒಂದು ಪಾಲು. ಎಣಿಕೆಯೆಲ್ಲ ತಂತಿಯ ಮೂಲಕ ಕೈಯಲ್ಲಿ ಹಿಡಿಯುವ ಪೆಟ್ಟಿಗೆಗೆ ಹೋಗುತ್ತದೆ. ನೋಡಬೇಕಾದ ವಸ್ತುವಿನ ಹೆಸರು ಒತ್ತಿದರೆ ಪೆಟ್ಟಿಗೆಯ ಮೇಲೆ ಎರಡು ಅಂಕಿ, ಎರಡು ಬಾಣದ ಗುರುತು ಮೂಡುತ್ತವೆ. ಅಂಕಿಗಳು ಸೊನ್ನೆಯಾಗುವವರೆಗೆ ಕೈಯಿಂದ ಕೊಳವೆಯನ್ನು ತಳ್ಳುವುದು. ಮೋಟಾರು ಇಲ್ಲ, ಸದ್ದಿಲ್ಲ.

ಕೇಳಲು ಸುಲಭ. ಆದರೆ ಈ ಬಿಲ್ಲೆಗಳಿಗೆ ಎಷ್ಟು ತಿರುಗಿದೆವು ಎನ್ನುವುದು ಗೊತ್ತೇ ಹೊರತು ಎಲ್ಲಿಂದ ಹೊರಟೆವು ಎನ್ನುವುದು ಗೊತ್ತಿಲ್ಲ. ಸ್ವಿಚ್ ಆರಿಸಿದ ಕೂಡಲೇ ಇದ್ದದ್ದೂ ಮರೆತುಹೋಗುತ್ತದೆ. ಪ್ರತಿ ರಾತ್ರಿಯೂ ಅದಕ್ಕೆ ಹೊಸದಾಗಿ ಆಕಾಶದ ಪರಿಚಯ ಮಾಡಿಸಬೇಕು. ಕ್ರಮ ಇಷ್ಟೆ. ಮೊದಲು ಕೊಳವೆಯನ್ನು ನೆಟ್ಟಗೆ ನೆತ್ತಿಗೆ ನಿಲ್ಲಿಸಿ ಗುಂಡಿ ಒತ್ತಬೇಕು. ಆಮೇಲೆ ಪಟ್ಟಿಯಲ್ಲಿ ಒಂದು ನಕ್ಷತ್ರದ ಹೆಸರು ಆರಿಸಿ, ಅದನ್ನೇ ಐಪೀಸಿನ ನಟ್ಟನಡುವೆ ತಂದು ಗುಂಡಿ ಒತ್ತಬೇಕು. ಮತ್ತೆ ಇನ್ನೊಂದು ನಕ್ಷತ್ರಕ್ಕೆ ಹೀಗೆಯೇ. ನಡುವೆ ತರುವುದೆಂದರೆ ಅಂದಾಜಿನಲ್ಲಿ ಅಲ್ಲ. ಹತ್ತು ಮಿಲಿಮೀಟರಿನ ಐಪೀಸು ಹಾಕಿ, ಫೋಕಸ್ ತುಸು ಕೆಡಿಸಿ, ನಕ್ಷತ್ರ ನಾಣ್ಯದಂತೆ ಅಗಲವಾದ ಮೇಲೆ ಆ ನಾಣ್ಯವನ್ನು ನಡುವೆ ಕೂರಿಸಿದರೆ ಕಣ್ಣಿಗೆ ಮೋಸವಾಗುವುದಿಲ್ಲ.

ಎರಡೇ ಏಕೆ, ಒಂದು ಸಾಲದೆ? ಚಾಚಾ ಮೊದಲ ದಿನವೇ ಇದನ್ನು ಕೇಳಿದರು. ಅವರಿಗೆ ಆಸ್ಟ್ರೋಲೇಬ್ ಗೊತ್ತು. ಹೈದರಾಬಾದಿನ ಮ್ಯೂಸಿಯಂ ಒಂದರಲ್ಲಿ ನೋಡಿ ಬಂದು, ಅದರ ಕೆತ್ತನೆಯ ಕೆಲಸವನ್ನು ವರ್ಕ್‌ಶಾಪಿನವರ ಕಣ್ಣಿನಿಂದ ವರ್ಣಿಸುತ್ತಾರೆ. ಮೊಗಲರ ಕಾಲದಲ್ಲಿ ಲಾಹೋರಿನ ಅಲ್ಲಾಹದಾದ್ ಮನೆತನದವರು ತಲೆಮಾರುಗಳ ಕಾಲ ಇದನ್ನೇ ಮಾಡಿಕೊಂಡಿದ್ದರು. ಆಸ್ಟ್ರೋಲೇಬಿನಲ್ಲಿ ಒಂದೇ ನಕ್ಷತ್ರದ ಎತ್ತರ ಅಳೆದು ಜಾಲರಿ ತಿರುಗಿಸಿದರೆ ಇಡೀ ಆಕಾಶ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಕಾರಣ, ಬಳೆ ಹಿಡಿದು ತೂಗಿಬಿಟ್ಟಾಗ ಕೆಳಗು ಯಾವುದು ಎಂದು ಅದಕ್ಕೆ ತಾನಾಗಿ ಗೊತ್ತಾಗುತ್ತದೆ. ಯಾವ ಊರು ಎನ್ನುವುದನ್ನು ಒಳಗಿನ ಫಲಕ ಹೇಳುತ್ತದೆ. ನಮ್ಮ ಪೆಟ್ಟಿಗೆಗೆ ಎರಡೂ ತಿಳಿಯದು. ಪೀಠ ಮಟ್ಟವಾಗಿದೆಯೋ ವಾಲಿದೆಯೋ, ಉತ್ತರ ಎತ್ತ, ಊರು ಯಾವುದು, ಒಂದೂ ಅದಕ್ಕೆ ಬೇಕಿಲ್ಲ. ಎರಡು ನಕ್ಷತ್ರ ತೋರಿಸಿದರೆ ಉಳಿದದ್ದನ್ನು ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಇದಕ್ಕೆ ಬೇಕಾದ ಗಣಿತದ ವಿಧಾನವನ್ನು ಜಪಾನಿನ ತೋಶಿಮಿ ಟಾಕಿ 1989ರಲ್ಲಿ 'ಸ್ಕೈ ಅಂಡ್ ಟೆಲಿಸ್ಕೋಪ್' ಮಾಸಿಕದಲ್ಲಿ ಹವ್ಯಾಸಿಗಳಿಗೆ ತಿಳಿಯುವಂತೆ ಬರೆದರು.

ಚಾಚಾ ಎಲ್ಲವನ್ನೂ ಕೇಳಿ, 'ಸರಿ ಬಿಡಿ, ನಿಕಾಹ್‌ಗೂ ಇಬ್ಬರು ಗವಾಹ್ ಬೇಕಲ್ಲ' ಎಂದರು.

ಅವರ ತಮಾಷೆಯಲ್ಲಿ ಗಣಿತವೂ ಇದೆ. ಪೀಠ ಹೇಗೆ ಕೂತಿದೆ ಎಂದು ತಿಳಿಯಲು ಮೂರು ಕೋನಗಳು ಸಾಕು. ಎರಡು ನಕ್ಷತ್ರಗಳಿಂದ ನಾಲ್ಕು ಅಳತೆ ಸಿಗುತ್ತವೆ. ಹೆಚ್ಚಾಗಿ ಉಳಿದ ಆ ಒಂದು ಅಳತೆಯಿಂದ ಪೆಟ್ಟಿಗೆ ನಮ್ಮನ್ನೇ ತನಿಖೆ ಮಾಡುತ್ತದೆ. ತೋರಿಸಿದ ಎರಡು ನಕ್ಷತ್ರಗಳ ನಡುವೆ ನಿಜವಾಗಿ ಇರಬೇಕಾದ ಅಂತರವೆಷ್ಟು, ಬಿಲ್ಲೆಗಳು ಎಣಿಸಿದ್ದೆಷ್ಟು ಎಂದು ಹೋಲಿಸಿ, ವ್ಯತ್ಯಾಸವನ್ನು ಡಿಗ್ರಿಯಲ್ಲಿ ಹೇಳುತ್ತದೆ. ಇದಕ್ಕೆ ವಾರ್ಪ್ ಎನ್ನುತ್ತಾರೆ. ಅರ್ಧ ಡಿಗ್ರಿಯೊಳಗಿದ್ದರೆ ಚೆನ್ನ. ಒಂದು ದಾಟಿದರೆ ಎಲ್ಲೋ ಏನೋ ಕೆಟ್ಟಿದೆ. ಎಲ್ಲಿ ಎಂದು ಮಾತ್ರ ಅದು ಹೇಳುವುದಿಲ್ಲ. ಸಾಕ್ಷಿಗಳ ಮಾತು ಹೊಂದುತ್ತಿಲ್ಲ ಎನ್ನುತ್ತದೆಯೇ ಹೊರತು ಇಬ್ಬರಲ್ಲಿ ಸುಳ್ಳು ಯಾರದ್ದು ಎಂದು ಬೆರಳು ಮಾಡುವುದಿಲ್ಲ.

ನಮಗೆ ಮೊದಲ ಕೆಲವು ತಿಂಗಳು ವಾರ್ಪ್ ಕಾಟ ಕೊಟ್ಟಿತು. ರಾತ್ರಿಯ ಆರಂಭದಲ್ಲಿ 0.3, ಒಂದು ಗಂಟೆ ಕಳೆದು ಮತ್ತೆ ಪರೀಕ್ಷಿಸಿದರೆ 1.4. ಹುಡುಗ ತಂತ್ರಾಂಶದ ಮೇಲೆ ಅನುಮಾನ ಪಟ್ಟ. ಚಾಚಾ ಟಾರ್ಚು ಹಿಡಿದು ಕೆಳಗೆ ಬಗ್ಗಿ ನೋಡಿ ಎರಡೇ ನಿಮಿಷದಲ್ಲಿ ರೋಗ ಹೇಳಿದರು. ಬಿಲ್ಲೆಯನ್ನು ಹಿಡಿದಿದ್ದ ಗ್ರಬ್ ಸ್ಕ್ರೂ ದುಂಡನೆಯ ಶಾಫ್ಟಿನ ಮೇಲೆ ಜಾರುತ್ತಿತ್ತು. ಕೊಳವೆ ತಿರುಗುತ್ತಿತ್ತು, ಬಿಲ್ಲೆ ಅಷ್ಟು ತಿರುಗುತ್ತಿರಲಿಲ್ಲ. ಅವರು ಶಾಫ್ಟಿನ ಒಂದು ಬದಿಗೆ ಅರ ಹಾಕಿ ಚಪ್ಪಟೆ ಮಾಡಿ ಸ್ಕ್ರೂ ಅಲ್ಲಿ ಕೂರುವಂತೆ ಮಾಡಿದರು. ಪೀಠದ ನಡು ಬೋಲ್ಟು ತೂತಿನಲ್ಲಿ ಅಲ್ಲಾಡುತ್ತಿತ್ತು, ಅದಕ್ಕೆ ಲೇತಿನಲ್ಲಿ ಒಂದು ಹಿತ್ತಾಳೆ ಬುಷ್ ತಿರುವಿ ಕೂರಿಸಿದರು. ಇನ್ನೊಂದು ದೋಷ ಉಳಿದಿತ್ತು. ಯಾವ ಜೋಡಿ ಹಿಡಿದರೂ ವಾರ್ಪ್ ಒಂದೇ ಕಡೆಗೆ ಹೆಚ್ಚು ಬರುತ್ತಿತ್ತು. ಹಾಗೆ ಬಂದರೆ ಮೊದಲು ನೆತ್ತಿಗೆ ನಿಲ್ಲಿಸಿದ್ದೇ ನೆಟ್ಟಗಿಲ್ಲ ಎಂದು ಅರ್ಥ. ಗಾರೆಯವರ ಮಟ್ಟಗೋಲು ತಂದು ಕೊಳವೆಗೆ ಹಿಡಿದು, ತಡೆಯ ಸ್ಕ್ರೂ ಸರಿಪಡಿಸಿದೆವು. ಅಲ್ಲಿಂದ ಈಚೆಗೆ 0.3 ದಾಟಿದ್ದು ಅಪರೂಪ. ಡಿಜಿಟಲ್ ಎಂದು ಹೆಸರಿದ್ದರೂ ಈ ಯಂತ್ರದ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ಬೋಲ್ಟು ನಟ್ಟಿನವು.

ಉಳಿದ ಕಾಲು ಪಾಲು ನಕ್ಷತ್ರ ಆರಿಸುವುದರಲ್ಲಿದೆ. ಎರಡೂ ತೀರ ಹತ್ತಿರ ಇರಬಾರದು, ಎದುರುಬದುರು ದಿಗಂತಗಳಲ್ಲೂ ಇರಬಾರದು. ತೀರ ಕೆಳಗಿದ್ದರೆ ಗಾಳಿಯೇ ಅದನ್ನು ಮೇಲೆತ್ತಿ ತೋರಿಸುತ್ತದೆ. ದಿಗಂತದಲ್ಲಂತೂ ಈ ವಕ್ರತೆ ಅರ್ಧ ಡಿಗ್ರಿಗೂ ಹೆಚ್ಚು. ನೆತ್ತಿಯ ಹತ್ತಿರವೂ ಇರಬಾರದು. ಕೊಳವೆ ನೇರ ಮೇಲೆ ನೋಡುವಾಗ ಪೀಠವನ್ನು ಎಷ್ಟು ಸುತ್ತಿದರೂ ಅದು ನೋಡುವುದು ಮೇಲಕ್ಕೇ. ದಿಕ್ಕು ಎನ್ನುವುದಕ್ಕೆ ಅಲ್ಲಿ ಅರ್ಥವೇ ಇರುವುದಿಲ್ಲ. ನಮ್ಮ ತೊಂದರೆ ಏನೆಂದರೆ, ಚಿತ್ರದುರ್ಗದ ಅಕ್ಷಾಂಶದಲ್ಲಿ ನಮಗೆ ಹೆಸರು ಗೊತ್ತಿರುವ ನಕ್ಷತ್ರಗಳೇ ನೆತ್ತಿಯ ಮೇಲೆ ಹಾಯುತ್ತವೆ. ರೋಹಿಣಿ, ಮಘಾ ಎರಡೂ ನೆತ್ತಿಯಿಂದ ಎರಡೂವರೆ ಡಿಗ್ರಿಯೊಳಗೆ. ಸ್ವಾತಿ, ಶ್ರವಣ ಐದು ಡಿಗ್ರಿಯ ಆಸುಪಾಸಿನಲ್ಲಿ. ಇಂಗ್ಲೆಂಡಿನವರಿಗೆಂದು ಬರೆದ ಕೈಪಿಡಿ ಹೇಳುವ ಜೋಡಿಗಳು ಇಲ್ಲಿ ಒಗ್ಗುವುದಿಲ್ಲ. ನಮ್ಮ ಜೋಡಿ ನಾವೇ ಕಟ್ಟಿಕೊಳ್ಳಬೇಕು. ಫೆಬ್ರವರಿಯ ಸಂಜೆಗೆ ಉತ್ತರದ ಬ್ರಹ್ಮಹೃದಯ, ದಕ್ಷಿಣದ ಲುಬ್ಧಕ ಒಳ್ಳೆಯ ಜೋಡಿ. ನಡುವೆ 66 ಡಿಗ್ರಿ ಅಂತರ, ಎರಡೂ ಆಕಾಶದ ನಡುಮಟ್ಟದಲ್ಲಿ.

ದಖ್ಖನದಲ್ಲಿ ಇಂತಹ ಕೆಲಸದ ನೆನಪು ಹಳೆಯದು. ಕಲಬುರ್ಗಿಯಿಂದ ಆಳಿದ ಫಿರೋಜ್ ಶಾ ಬಹಮನಿ 1407ರಲ್ಲಿ ದೌಲತಾಬಾದಿನ ಬಳಿ ಘಾಟಿಯ ಮೇಲೆ ಒಂದು ವೀಕ್ಷಣಾಲಯ ಕಟ್ಟಿಸಲು ಹೊರಟ ಎಂದು ಫಿರಿಶ್ತಾ ಬರೆದಿದ್ದಾನೆ. ಅವನು ಇದನ್ನು ಬರೆದದ್ದು ಬಿಜಾಪುರದ ಆದಿಲಶಾಹಿ ಆಶ್ರಯದಲ್ಲಿ. ಕೆಲಸದ ಹೊಣೆ ಹೊತ್ತಿದ್ದ ಹಕೀಮ್ ಹಸನ್ ಗೀಲಾನಿ ತೀರಿಕೊಂಡ. ಕಟ್ಟಡ ಅಲ್ಲಿಗೇ ನಿಂತಿತು. ಒಬ್ಬನ ಜೊತೆ ಒಂದು ವೀಕ್ಷಣಾಲಯವೇ ಹೋದದ್ದನ್ನು ಓದಿದಾಗ ನಮ್ಮ ಮೇಷ್ಟ್ರು ಸುಮ್ಮನೆ ತಲೆ ಆಡಿಸಿದ್ದರು.

ಈ ಮೇಷ್ಟ್ರಿಗೆ ಪೆಟ್ಟಿಗೆ ಕಂಡರೆ ಆಗುತ್ತಿರಲಿಲ್ಲ. ಅವರದು ಹಳೆಯ ದಾರಿ: ಗೊತ್ತಿರುವ ನಕ್ಷತ್ರದಿಂದ ಹೊರಟು, ಅದರ ಪಕ್ಕದ್ದು, ಅದರ ಪಕ್ಕದ್ದು ಎಂದು ಹೆಜ್ಜೆ ಹಾಕುತ್ತಾ ಗುರಿ ಮುಟ್ಟುವುದು. ಏಡಿ ನೀಹಾರಿಕೆಗೆ ಹೋಗಬೇಕೆಂದರೆ ವೃಷಭದ ಕೆಳಗಿನ ಕೊಂಬಿನ ತುದಿ ಹಿಡಿದು ಒಂದು ಡಿಗ್ರಿ ವಾಯವ್ಯಕ್ಕೆ ಸರಿಯಬೇಕು. ಅವರು ಕಣ್ಣು ಮುಚ್ಚಿಕೊಂಡು ಹೇಳಬಲ್ಲರು. 'ದಾರಿ ಗೊತ್ತಿಲ್ಲದೆ ಊರು ಸೇರಿದವನು ವಾಪಸ್ಸು ಹೇಗೆ ಬರ್ತಾನ್ರೀ?' ಎಂಬುದು ಅವರ ವಾದ. ಹುಡುಗನ ವಾದವೂ ಸುಳ್ಳಲ್ಲ. ನೂರು ಮಕ್ಕಳ ಸಾಲು, ಎರಡು ಗಂಟೆ ಸಮಯ, ಒಬ್ಬರಿಗೆ ಒಂದು ನಿಮಿಷ. ಮೇಷ್ಟ್ರು ಹತ್ತು ನಿಮಿಷ ಹುಡುಕುತ್ತಾ ನಿಂತರೆ ಹತ್ತು ಮಕ್ಕಳು ನೋಡದೆ ಮನೆಗೆ ಹೋಗುತ್ತವೆ. ಅದರಲ್ಲೂ ಸಾಲಿನ ಕೊನೆಯಲ್ಲಿ ನಿಲ್ಲುವುದು ಯಾವ ಮಕ್ಕಳು ಎನ್ನುವುದು ಹಳ್ಳಿ ಬಲ್ಲವರಿಗೆಲ್ಲ ಗೊತ್ತು. ಈ ಮಾತಿಗೆ ಮಾತ್ರ ಮೇಷ್ಟ್ರು ತಣ್ಣಗಾದರು. ಪೆಟ್ಟಿಗೆ ನಮ್ಮ ಜೊತೆ ಬರತೊಡಗಿತು.

ಆದರೆ ಪೆಟ್ಟಿಗೆ ಕೇಳುವ ಆ ಎರಡು ಹೆಸರುಗಳೇ ನಮ್ಮನ್ನು ಬೇರೊಂದು ಕಡೆಗೆ ಒಯ್ದವು. ಅದರ ಪಟ್ಟಿ ನೋಡಿದರೆ ಅರ್ಧಕ್ಕರ್ಧ ಅರಬ್ಬಿ. ಆಲ್ಡೆಬರಾನ್, ರೈಜೆಲ್, ಡೆನೆಬ್, ಆಲ್ಟೇರ್, ಫೋಮಲ್‌ಹಾಟ್. ಗ್ರೀಕರ ಟಾಲೆಮಿಯ ಪಟ್ಟಿಯನ್ನು ಕ್ರಿಸ್ತಶಕ 964ರ ಸುಮಾರಿಗೆ ಅಬ್ದುರ್ರಹಮಾನ್ ಅಲ್ ಸೂಫಿ ತಿದ್ದಿ ಬರೆದ. ಅರಬ್ಬಿಯ ಇಂತಹ ಗ್ರಂಥಗಳಿಂದ ಹೆಸರುಗಳು ಲ್ಯಾಟಿನಿಗೆ, ಅಲ್ಲಿಂದ ಇಂಗ್ಲಿಷಿಗೆ ಹೋದವು. ಹೋಗುವ ದಾರಿಯಲ್ಲಿ ಕೆಲವು ಪೆಟ್ಟು ತಿಂದವು. ಆರ್ದ್ರಾ ನಕ್ಷತ್ರ ಅರಬ್ಬಿಯಲ್ಲಿ ಯದ್ ಅಲ್ ಜೌಜಾ, ಜೌಜಾಳ ಕೈ. ಯಾರೋ ಲಿಪಿಕಾರರು 'ಯ' ಅಕ್ಷರದ ಕೆಳಗಿನ ಎರಡು ಚುಕ್ಕಿಯನ್ನು ಒಂದೆಂದು ಓದಿದ್ದರಿಂದ ಯ ಹೋಗಿ ಬ ಆಯಿತು, ಬೀಟಲ್‌ಜ್ಯೂಸ್ ಹುಟ್ಟಿತು. ಒಂದು ಚುಕ್ಕಿ ತಪ್ಪಿದ್ದು ಇಷ್ಟು ಶತಮಾನಗಳಾದರೂ ಸರಿಹೋಗಿಲ್ಲ.

ಚಾಚಾರಿಗೆ ಈ ಪಟ್ಟಿ ಓದಿ ಹೇಳಿದರೆ ಮುಖ ಅರಳುತ್ತದೆ. ಮದರಸಾದಲ್ಲಿ ಕಲಿತ ಅರಬ್ಬಿ. 'ರಿಜ್ಲ್ ಅಂದರೆ ಕಾಲು. ಯಾರ ಕಾಲು?' ಎಂದು ಕೇಳಿ, ಬೇಟೆಗಾರನ ಕಾಲಿನ ಜಾಗದಲ್ಲಿ ಅದನ್ನು ತಾವೇ ಹುಡುಕಿದರು. ಆಗ ನಮಗೆ ಹೊಳೆದದ್ದು, ಈ ಹೆಸರುಗಳು ಬರೀ ಹೆಸರುಗಳಲ್ಲ, ಗುರುತು ಹಿಡಿಯುವ ಸೂಚನೆಗಳು. ಅಲ್ ದಬರಾನ್ ಎಂದರೆ ಹಿಂಬಾಲಿಸುವವನು. ಕೃತ್ತಿಕೆಯ ಹಿಂದೆ ಬರುವವನು. ಅದೇ ನಕ್ಷತ್ರಕ್ಕೆ ನಮ್ಮ ಹೆಸರು ರೋಹಿಣಿ, ಕೆಂಪಗಿರುವವಳು. ಅರಬ್ಬಿ ಜಾಗ ಹೇಳಿತು, ಸಂಸ್ಕೃತ ಬಣ್ಣ ಹೇಳಿತು. ಎರಡೂ ಗೊತ್ತಿದ್ದವನು ಆಕಾಶದಲ್ಲಿ ಅದನ್ನು ಬೇರೆಯದಕ್ಕೆ ಹೋಲಿಸಿ ಮೋಸ ಹೋಗುವುದು ಕಷ್ಟ.

ಗೊತ್ತಿರುವವರು ಎಷ್ಟು ಮಂದಿ ಎನ್ನುವುದು ಬೇರೆ ಮಾತು. 2025ರ ಫೆಬ್ರವರಿ 22ರ ರಾತ್ರಿ ಚಳ್ಳಕೆರೆಯಿಂದ ಇಪ್ಪತ್ತು ಕಿಲೋಮೀಟರು ಆಚೆಯ ಒಂದು ಸರ್ಕಾರಿ ಶಾಲೆಯ ಬಯಲಿನಲ್ಲಿ ಇದು ನಮಗೆ ಎದುರಾಯಿತು. ಏಳೂವರೆಗೆ ಬ್ರಹ್ಮಹೃದಯ, ಲುಬ್ಧಕ ಹಿಡಿದು ವಾರ್ಪ್ 0.2ಕ್ಕೆ ಇಳಿಸಿದ್ದೆವು. ಮಕ್ಕಳು ನೂರಹತ್ತು, ಜೊತೆಗೆ ತಾಯಂದಿರು, ಅಜ್ಜಿಯರು. ಐಪೀಸಿನ ಬಳಿ ಮಕ್ಕಳು ಕೊಳವೆಯನ್ನು ಹಿಡಿದು ಎಳೆಯುವುದು ಸಾಮಾನ್ಯ, ಅದಕ್ಕೆ ನಾವು ಗದರುವುದಿಲ್ಲ. ಎಳೆದಷ್ಟನ್ನೂ ಬಿಲ್ಲೆಗಳು ಎಣಿಸಿಕೊಂಡಿರುತ್ತವೆ, ಅಂಕಿ ನೋಡಿ ಮತ್ತೆ ಸೊನ್ನೆಗೆ ತಂದರಾಯಿತು. ಪೀಠದ ಬುಡಕ್ಕೆ ಕಾಲು ತಾಗಿದರೆ ಮಾತ್ರ ಎಲ್ಲವೂ ಹೋಯಿತು. ಬುಡ ಸರಿದದ್ದು ಬಿಲ್ಲೆಗೆ ಗೊತ್ತಾಗುವುದೇ ಇಲ್ಲ. ಒಂಬತ್ತು ದಾಟಿದಾಗ ಕತ್ತಲಲ್ಲಿ ಓಡಿ ಬಂದ ಹುಡುಗನೊಬ್ಬ ಬುಡಕ್ಕೆ ಎಡವಿ ಬಿದ್ದ. ಮಂಡಿ ತರಚಿತು. ಅವನಿಗೆ ಅರಿಸಿನ ಹಚ್ಚುವುದು ಆಯಿತು. ಪೆಟ್ಟಿಗೆ ತೋರಿಸುವ ಜಾಗಕ್ಕೂ ಆಕಾಶಕ್ಕೂ ಸಂಬಂಧ ತಪ್ಪಿತ್ತು. ಸಾಲಿನಲ್ಲಿ ಇನ್ನೂ ಮೂವತ್ತು ಮಕ್ಕಳಿದ್ದರು, ಏಡಿ ನೀಹಾರಿಕೆ ತೋರಿಸುವುದು ಬಾಕಿ ಇತ್ತು.

ಮತ್ತೆ ಎರಡು ನಕ್ಷತ್ರ ಹಿಡಿಯಬೇಕು. ಈ ಸಲ ಮಕ್ಕಳೇ ಹಿಡಿಯಲಿ ಎಂದರು ಮೇಷ್ಟ್ರು. ಸಾಲಿನಲ್ಲಿದ್ದ ಒಬ್ಬ ಅಜ್ಜಿಯನ್ನು ಕೇಳಿದರು, 'ಅಜ್ಜೀ, ರೋಹಿಣಿ ಗೊತ್ತಾ?'

'ರೋಹಿಣಿ ಮಳೆ ಗೊತ್ತಿಲ್ದೆ ಇರ್ತದಾ ಮೇಷ್ಟ್ರೇ? ಬಿತ್ತನೆ ಅದರ ಮ್ಯಾಲೇ ಅಲ್ವಾ. ಆದ್ರೆ ಚುಕ್ಕಿ ಯಾವ್ದು ಅಂತ ಯಾರೂ ತೋರ್ಸಿಲ್ಲ ನೋಡಿ.'

ತೋರಿಸುವುದಾದರೂ ಹೇಗೆ? ರೋಹಿಣಿ ಮಳೆ ಎಂದರೆ ಸೂರ್ಯ ರೋಹಿಣಿ ನಕ್ಷತ್ರದ ಭಾಗದಲ್ಲಿರುವ ಕಾಲ, ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ. ಆ ದಿನಗಳಲ್ಲಿ ನಕ್ಷತ್ರ ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆ ಬಾಯಲ್ಲಿದೆ. ಅದರ ಹೆಸರು ಎಲ್ಲರ ಬಾಯಲ್ಲಿರುವಾಗಲೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಪಂಚಾಂಗ ನೋಡುವವರು ನೋಡಿದರು, ಉತ್ತವರು ಉತ್ತರು, ಹೆಸರು ಮಣ್ಣಿಗೆ ಇಳಿಯಿತು, ನಕ್ಷತ್ರ ಮೇಲೆಯೇ ಉಳಿಯಿತು.

ಚಾಚಾರ ಕಥೆಯೂ ಇದೇ ಎಂದು ಆ ರಾತ್ರಿಯೇ ತಿಳಿದದ್ದು. ಮೇಷ್ಟ್ರು ಲುಬ್ಧಕ ಎಂದಾಗ ಹುಡುಗ ಅದರ ಅರಬ್ಬಿ ಹೆಸರು ಓದಿದ: ಶಿಅರಾ. ಚಾಚಾ ಚಕ್ಕನೆ ತಿರುಗಿದರು. ಸೂರಾ ನಜ್ಮ್‌ನಲ್ಲಿ ಬರುವ ಹೆಸರು ಅದು. ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಿರುವ ನಕ್ಷತ್ರ. 'ಐವತ್ತು ವರ್ಷದಿಂದ ಓದ್ತಾ ಇದ್ದೀನಿ. ಅದು ಇದೇನಾ?' ಎಂದು ಕೇಳಿದರು. ಇಷ್ಟು ವರ್ಷ ಪ್ರತಿ ಚಳಿಗಾಲದಲ್ಲೂ ಅದು ಅವರ ವರ್ಕ್‌ಶಾಪಿನ ಶೀಟಿನ ಮೇಲೆ ಹಾಯ್ದು ಹೋಗುತ್ತಿತ್ತು. ಟೆಲಿಸ್ಕೋಪನ್ನು ಅದರ ಕಡೆ ತಿರುಗಿಸಿ ನಡುವೆ ತಂದದ್ದು ಅವರೇ. ಅವಸರ ಮಾಡಲಿಲ್ಲ. ಸಾಲಿನಲ್ಲಿದ್ದ ಮಕ್ಕಳೂ ಗಲಾಟೆ ನಿಲ್ಲಿಸಿದ್ದರು.

ಎರಡನೆಯದು ರೋಹಿಣಿ. ಅಷ್ಟು ಹೊತ್ತಿಗೆ ಅದು ನೆತ್ತಿಯಿಂದ ಪಶ್ಚಿಮಕ್ಕೆ ವಾಲಿ ಆಕಾಶದ ನಡುಮಟ್ಟಕ್ಕೆ ಬಂದಿತ್ತು, ಹಿಡಿಯಲು ಸರಿಯಾದ ಎತ್ತರ. ಎಂಟನೇ ತರಗತಿಯ ಹುಡುಗಿಯೊಬ್ಬಳು ಮುಂದೆ ಬಂದು ಆ ಕಡೆಯ ಎಲ್ಲಕ್ಕಿಂತ ಪ್ರಕಾಶದ ಚುಕ್ಕಿ ಹಿಡಿದಳು. ಗುಂಡಿ ಒತ್ತಿದಳು. ವಾರ್ಪ್ 3.3. ಮಕ್ಕಳಿಗೆ ಆ ಅಂಕಿಯ ಅರ್ಥ ಹೇಳಿದೆವು: ನೀವು ತೋರಿಸಿದ್ದರ ಮತ್ತು ಚಾಚಾ ತೋರಿಸಿದ್ದರ ನಡುವೆ 49 ಡಿಗ್ರಿ ಇದೆ, ರೋಹಿಣಿ ಆಗಿದ್ದರೆ 46 ಇರಬೇಕಿತ್ತು. ಉತ್ತರ ಹೇಳಿಕೊಡಬಾರದು ಎಂದು ಮೇಷ್ಟ್ರು ಕಣ್ಣು ಬಿಟ್ಟರು. ರೋಹಿಣಿ ಎಂದರೆ ಕೆಂಪಗಿರುವವಳು, ಗುಂಪು ಚುಕ್ಕಿಯ ಹಿಂದೆ ಬರುವವಳು ಎಂದಷ್ಟೇ ಹೇಳಿದರು. ಅಜ್ಜಿ ಗುಂಪು ಚುಕ್ಕಿಯನ್ನು ಬೆರಳು ಮಾಡಿ ತೋರಿಸಿದರು, ಅದು ಅವರಿಗೆ ಗೊತ್ತಿತ್ತು. ಹುಡುಗಿ ಸ್ವಲ್ಪ ಹೊತ್ತು ಮೇಲೆ ನೋಡಿ, 'ನಾನು ಹಿಡಿದದ್ದು ಬೆಳ್ಳಗಿದೆ ಸಾರ್. ಅದರ ಪಕ್ಕದ್ದು ಕೆಂಪಗಿದೆ' ಎಂದಳು. ಬೆಳ್ಳಗಿದ್ದದ್ದು ಗುರುಗ್ರಹ. ಆ ತಿಂಗಳು ಅದು ರೋಹಿಣಿಯಿಂದ ಐದು ಡಿಗ್ರಿಯಷ್ಟೇ ದೂರದಲ್ಲಿ ನಿಂತಿತ್ತು. ಮತ್ತೆ ಹಿಡಿದಾಗ ವಾರ್ಪ್ 0.3.

ಅಲ್ಲಿಂದ ಏಡಿ ನೀಹಾರಿಕೆಗೆ ಅರ್ಧ ನಿಮಿಷ ಹಿಡಿಯಿತು. 1054ರಲ್ಲಿ ಸಿಡಿದ ನಕ್ಷತ್ರದ ಬೂದಿ ಅದು. ಚೀನಾದವರು ಹಗಲಿನಲ್ಲೂ ಕಂಡು ದಾಖಲಿಸಿದ ಸಿಡಿತ. ಐಪೀಸಿನಲ್ಲಿ ಅದು ಉಸಿರು ಬಿಟ್ಟ ಕನ್ನಡಿಯಂತೆ ಒಂದು ಮಂಕು ಕಲೆ, ಅಷ್ಟೆ. ಕೆಲವು ಮಕ್ಕಳಿಗೆ ಕಂಡಿತು, ಕೆಲವರು ಕಂಡಿತು ಎಂದರು. ಅದನ್ನು ನಾವು ವಿಚಾರಿಸಲು ಹೋಗುವುದಿಲ್ಲ.

ಹಿಂದಿರುಗುವಾಗ ವ್ಯಾನಿನಲ್ಲಿ ಹುಡುಗ ಹೊಸದೊಂದು ಯೋಜನೆ ಮುಂದಿಟ್ಟ. ಈಗ ಮೊಬೈಲ್ ಫೋನಿನ ಕ್ಯಾಮೆರಾವನ್ನು ಟೆಲಿಸ್ಕೋಪಿಗೆ ಕಟ್ಟಿದರೆ ಅದೇ ಆಕಾಶದ ಫೋಟೊ ತೆಗೆದು, ನಕ್ಷತ್ರಗಳ ವಿನ್ಯಾಸ ಗುರುತಿಸಿ, ಎಲ್ಲಿ ನೋಡುತ್ತಿದ್ದೇವೆ ಎಂದು ತಾನೇ ಹೇಳುತ್ತದೆ. 2020ರಿಂದ ಈಚೆಗೆ ಇಂತಹವು ಮಾರುಕಟ್ಟೆಯಲ್ಲಿವೆ. ಬಿಲ್ಲೆ ಬೇಡ, ಎರಡು ನಕ್ಷತ್ರ ಬೇಡ, ಬುಡಕ್ಕೆ ಒದ್ದರೂ ಮತ್ತೊಂದು ಫೋಟೊ ತೆಗೆದರೆ ಸರಿ. ಅವನು ಹೇಳಿದ್ದೆಲ್ಲ ನಿಜ. ಸಾಲಿನ ಕೊನೆಯ ಮಗುವಿನ ಲೆಕ್ಕದಲ್ಲಿ ನೋಡಿದರೆ ಬೇಡ ಎನ್ನಲು ನಮ್ಮ ಬಳಿ ವಾದವೂ ಇಲ್ಲ. ಆದರೂ ಆ ರಾತ್ರಿ ವಾರ್ಪ್ 3.3 ಬಾರದೆ ಹೋಗಿದ್ದರೆ ಆ ಹುಡುಗಿ ಮತ್ತೆ ತಲೆ ಎತ್ತಿ ಮೇಲೆ ನೋಡುತ್ತಿದ್ದಳೇ ಎಂಬ ಪ್ರಶ್ನೆ ನಮಗಿದೆ. ಮೇಷ್ಟ್ರು ಈ ಚರ್ಚೆಗೆ ಸೇರಲಿಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಹೊದಿಕೆ ಮಡಿಸುತ್ತಿದ್ದರು, ಹಿಂದೊಮ್ಮೆ ಅದನ್ನು ಮುಟ್ಟಲೂ ಒಪ್ಪದಿದ್ದವರು.

ಚಾಚಾರಿಗೆ ಪಟ್ಟಿಯದೇ ಗುಂಗು. ಹುಡುಗನಿಂದ ಒಂದೊಂದೇ ಹೆಸರು ಓದಿಸುತ್ತಾ, ತಾವು ಅದನ್ನು ಬಿಡಿಸುತ್ತಾ ಬಂದರು. ಫೋಮಲ್‌ಹಾಟ್ ಬಂದಾಗ ಒಂದು ಕ್ಷಣ ತಡೆದರು. 'ಫಮ್ ಅಲ್ ಹೂತ್. ಮೀನಿನ ಬಾಯಿ. ಇದು ಈಗ ಎಲ್ಲಿದೆ?'

'ಸೂರ್ಯನ ಜೊತೆ ಮುಳುಗಿದೆ ಚಾಚಾ. ಸಂಜೆ ನೋಡಬೇಕೆಂದರೆ ಅಕ್ಟೋಬರಿಗೆ.'

'ಅಂದರೆ ಚಿತ್ತಾ, ಸ್ವಾತಿ ಮಳೆ ಹೊತ್ತಿಗೆ' ಎಂದರು ಮೇಷ್ಟ್ರು. 'ಮೋಡ ಇರುತ್ತೆ.'

'ಇರಲಿ, ಒಂದಿನ ಬಿಡುತ್ತೆ' ಎಂದು ಚಾಚಾ ಹೇಳಿ, ಆ ಶಾಲೆಯ ಹೆಡ್‌ಮಾಸ್ತರರ ನಂಬರು ಬರೆದುಕೊಂಡಿದ್ದೀರಾ ಎಂದು ನಮ್ಮನ್ನು ಕೇಳಿದರು.